ಅಟ್ಟದ ಮೇಲಿನ ಕಂಪ್ಯೂಟರ್ ಪುಸ್ತಕಗಳು: ಇಡುವುದೇ, ಕೊಡುವುದೇ, ರದ್ದಿಗೆ ಹಾಕುವುದೇ?

ನವರಾತ್ರಿ ಹತ್ತಿರ ಬಂತೆಂದರೆ ಮನೆ ಸ್ವಚ್ಛ ಮಾಡುವ ಗಡಿಬಿಡಿ ನಿಮ್ಮಲ್ಲೂ ಇದ್ದೇ ಇರುತ್ತದಲ್ಲವೇ? 2025ರ ನವರಾತ್ರಿಗೆ ಎಂಟು ದಿನ ಮೊದಲು ಅಮರಗೋಳದ ನಮ್ಮ ಮನೆಯಲ್ಲೂ ಅದೇ ಗಡಿಬಿಡಿ. ಹಾಸಿಗೆ ಬಿಸಿಲಿಗೆ ಹಾಕಿದ್ದಾಯಿತು, ಹಿತ್ತಾಳೆ ಪಾತ್ರೆ ತಿಕ್ಕಿದ್ದಾಯಿತು. ಕೊನೆಗೆ ಅಟ್ಟಕ್ಕೆ ಏಣಿ ಹಚ್ಚಿದೆ. ಮಗನ ತೊಟ್ಟಿಲು, ಕೆಟ್ಟ ಮಿಕ್ಸಿ, ಅವುಗಳ ಹಿಂದೆ ಒಂದು ತಗಡಿನ ಟ್ರಂಕು, ಎರಡು ರಟ್ಟಿನ ಪೆಟ್ಟಿಗೆ. ಮೂರರಲ್ಲೂ ಕಂಪ್ಯೂಟರ್ ಪುಸ್ತಕಗಳೇ! ಕೆಲವು ಇಟ್ಟಂಗಿಯಷ್ಟು ದಪ್ಪ. ಕೆಳಗಿಳಿಸಿ ಎಣಿಸಿದರೆ 63.

ಒಂದು ಪೆಟ್ಟಿಗೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನದು. ಇಂಜಿನಿಯರಿಂಗ್ ಓದುವಾಗ ಕೊಂಡದ್ದು ಕೆಲವು, ಸೀನಿಯರ್ ಹುಡುಗರು ದಾಟಿಸಿದ್ದು ಹಲವು. ಇನ್ನೊಂದು ನಮ್ಮ ಯಜಮಾನರದು. ಅವರು ಇಲ್ಲಿಯ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತಾರೆ. ಕಿರ್ದಿ ಪುಸ್ತಕ ಬಿಟ್ಟು ಟ್ಯಾಲಿಗೆ ಬಂದಾಗ ಕೊಂಡ ಗೈಡುಗಳು ಅದರಲ್ಲಿದ್ದವು. ತಗಡಿನ ಟ್ರಂಕು ಮಾತ್ರ ನನ್ನದು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಮಗನಿಗೆ ಫೋನ್ ಮಾಡಿದೆ. “ಅವ್ವಾ, ಅವೆಲ್ಲಾ ಹಳೇವಾಗ್ಯಾವ. ಕಣ್ಣು ಮುಚ್ಚಿ ರದ್ದಿಗೆ ಹಾಕು,” ಅಂದ. ಯಜಮಾನರು ಒಪ್ಪಲಿಲ್ಲ. “ಸರಸ್ವತೀನ್ನ ರದ್ದಿಗೆ ಹಾಕ್ತಾರೇನು? ಯಾವುದರೆ ಸಾಲಿಗೆ ಕೊಟ್ಟುಬಿಡು, ಪುಣ್ಯಾನರ ಬರ್ತೈತಿ.” ಅತ್ತೆಯವರದು ಮೂರನೆಯ ಮಾತು. “ಖಂಡೇಪೂಜಿ ಮುಗಿಯೂತನಕ ಮನ್ಯಾಗಿನ ಒಂದು ಹಾಳೀನೂ ಹೊರಗ ಹೋಗಬಾರದು ನೋಡವಾ.”

ಅತ್ತೆಯವರ ಮಾತಿನಂತೆ ಹಬ್ಬ ಮುಗಿಯುವವರೆಗೆ ಕಾದೆ. ಯಜಮಾನರ ಮಾತಿನಂತೆ ಶಾಲೆಗೆ ಒಯ್ದೆ. ಅಲ್ಲಿಗೆ ಹೋದ ಮೇಲೆಯೇ ನನಗೆ ಬುದ್ಧಿ ಬಂದದ್ದು.

ಅಕ್ಕೋರು ತೋರಿಸಿದ ಕಪಾಟು

ಸ್ವಲ್ಪ ದೂರದ ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ನನಗೆ ಪರಿಚಯದ ಅಕ್ಕೋರು ಒಬ್ಬರಿದ್ದಾರೆ. ಮೂರೂ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಸಿಕೊಂಡು ಹೋದೆ. ಅವರು ಚಹಾ ಕೊಟ್ಟರು, ಕುಶಲ ಕೇಳಿದರು. ಪೆಟ್ಟಿಗೆ ನೋಡಿದ್ದೇ ಮುಖ ಸ್ವಲ್ಪ ಬಾಡಿತು.

“ತಪ್ಪು ತಿಳೀಬ್ಯಾಡ್ರಿ, ಒಂದು ಸಲ ಇಲ್ಲಿ ಬರ್ರಿ,” ಎಂದು ಒಳಗಿನ ಕೋಣೆಗೆ ಕರೆದೊಯ್ದು ಕಬ್ಬಿಣದ ಕಪಾಟು ತೆರೆದರು. ಕಪಾಟಿನ ತುಂಬ ಕಂಪ್ಯೂಟರ್ ಪುಸ್ತಕಗಳು! ವಿಂಡೋಸ್ 98, ಲೋಟಸ್ 1-2-3, ಫಾಕ್ಸ್‌ಪ್ರೊ. ಎಲ್ಲವೂ ನನ್ನಂಥವರೇ ಪುಣ್ಯ ಬರಲೆಂದು ಕೊಟ್ಟವು. ಕೂಡ್ರಿಸಲು ಜಾಗವಿಲ್ಲ, ದಾನದ ಪುಸ್ತಕವೆಂದು ಎಸೆಯಲು ಮನಸ್ಸಿಲ್ಲ.

“ಜಾಗಾ ಹೋದರ ಹೋಗಲಿ ಬಿಡ್ರಿ,” ಎಂದು ಅಕ್ಕೋರು ಮುಂದುವರಿಸಿದರು. “ಒಂಬತ್ತನೇ ಇಯತ್ತೆಯ ಒಬ್ಬಾಕಿ ಹುಡುಗಿ ಬ್ಯಾಸಗಿ ಸೂಟ್ಯಾಗ ಇದರಾಗಿನ ಒಂದು ಪುಸ್ತಕ ಮನೀಗೆ ಒಯ್ದಳ್ರಿ. ಮನ್ಯಾಗ ಕಂಪ್ಯೂಟರ್ ಇಲ್ಲ. ಪುಸ್ತಕಾ ನೋಡಿ ನೋಟ್‌ಬುಕ್ಕಿನ್ಯಾಗ ಬರದು ಬರದು ಎಲ್ಲಾ ಬಾಯಿಪಾಠ ಮಾಡಿದಳು. ಸಾಲಿ ಸುರು ಆದ ಮ್ಯಾಲೆ ಕಂಪ್ಯೂಟರ್ ಮುಂದ ಕುಂತು ಕೀ ಒತ್ತತಾಳ, ಬ್ಯಾರೇನೇ ಬರ್ತೈತಿ. ತಾನಽ ಕೆಡಿಸಿದೆ ಅಂತ ತಿಳದು ಅತ್ತಳ್ರಿ. ಎರಡು ದಿನ ಸಾಲಿಗೇ ಬರಲಿಲ್ಲ.”

ಯಾವ ಪುಸ್ತಕ ಎಂದು ಕೇಳಿದೆ. ಅವರು ತೆಗೆದು ತೋರಿಸಿದರು. ವರ್ಡ್‌ಸ್ಟಾರ್. ನನ್ನ ಎದೆ ಧಸಕ್ಕೆಂದಿತು. ಅದೇ ಪುಸ್ತಕದ ಇನ್ನೊಂದು ಪ್ರತಿ ನನ್ನ ಟ್ರಂಕಿನಲ್ಲಿತ್ತು.

ಅವ್ವನ ಬೆಂಡೋಲೆ

ಈಗ ನನ್ನ ಟ್ರಂಕಿನ ಕಥೆ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು 1996ರಲ್ಲಿ. ಎರಡು ವರ್ಷ ಮನೆಯಲ್ಲೇ ಇದ್ದೆ. ಆಗ ಎಲ್ಲರ ಬಾಯಲ್ಲೂ ಕಂಪ್ಯೂಟರ್, ಕಂಪ್ಯೂಟರ್! ಕಲಿತರೆ ನೌಕರಿ ಗ್ಯಾರಂಟಿ ಎಂಬ ಮಾತು ನವಲಗುಂದದ ಕಡೆಯ ನಮ್ಮ ಹಳ್ಳಿಗೂ ಬಂದಿತ್ತು. ಅವ್ವ ತನ್ನ ಬೆಂಡೋಲೆ ಒತ್ತೆ ಇಟ್ಟು ಫೀ ಕಟ್ಟಿದಳು. 1998ರಲ್ಲಿ ಹುಬ್ಬಳ್ಳಿಯ ಸೋದರತ್ತಿಯ ಮನೆಯಲ್ಲಿದ್ದುಕೊಂಡು ಆರು ತಿಂಗಳ ಕೋರ್ಸ್ ಮಾಡಿದೆ. ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್. ಬರೆದದ್ದನ್ನು ಉಳಿಸಿ ಮುಚ್ಚಬೇಕಾದರೆ ಕಂಟ್ರೋಲ್ ಹಿಡಿದು ಕೆ, ಆಮೇಲೆ ಡಿ. ಇಂದಿಗೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಕೋರ್ಸ್ ಮುಗಿಸಿ ಒಂದು ಆಫೀಸಿಗೆ ಸಂದರ್ಶನಕ್ಕೆ ಹೋದೆ. ಅಲ್ಲಿ ಮೇಜಿನ ಮೇಲೆ ಮೌಸ್ ಇತ್ತು. ನಮ್ಮ ಕ್ಲಾಸಿನಲ್ಲಿ ನಾನು ಅದನ್ನು ಮುಟ್ಟಿರಲಿಲ್ಲ. ವಿಂಡೋಸ್ 95 ಹೊರಬಂದು ಆಗಲೇ ಮೂರು ವರ್ಷವಾಗಿತ್ತು; ನಮಗೆ ಅದರ ಸುದ್ದಿಯನ್ನೂ ಯಾರೂ ಹೇಳಿರಲಿಲ್ಲ. ಕ್ಲಾಸಿನವರ ಹತ್ತಿರ ಇದ್ದದ್ದು ಹಳೆಯ ಯಂತ್ರ, ಹಳೆಯ ಪುಸ್ತಕ, ಅದನ್ನೇ ಕಲಿಸಿದರು. ನಾನು ಕಂಟ್ರೋಲ್ ಕೆ ಡಿ ಒತ್ತಿದೆ. ಕುರ್ಚಿಯಲ್ಲಿದ್ದ ಹಿರಿಯರು ಮೆತ್ತಗೆ, “ಇದನ್ನ ಈಗ ಇಲ್ಲಿ ಯಾರೂ ಬಳಸೂದಿಲ್ಲ ತಂಗಿ,” ಅಂದರು. ಅಷ್ಟೇ. 2000ದಲ್ಲಿ ಮದುವೆಯಾಗಿ ಅಮರಗೋಳಕ್ಕೆ ಬಂದೆ. ಬೆಂಡೋಲೆ ಬಿಡಿಸಿಕೊಳ್ಳಲು ಅವ್ವನಿಗೆ ಎರಡು ಸುಗ್ಗಿ ಬೇಕಾದವು.

ಹೀಗಾಗಿ ಅಕ್ಕೋರ ಕಪಾಟಿನ ಮುಂದೆ ನಿಂತಾಗ ನಾನು ಮಾಡಹೊರಟ ದಾನದ ಬಣ್ಣ ಬಯಲಾಯಿತು. ಮನೆಯಲ್ಲಿ ಕಂಪ್ಯೂಟರ್ ಇದ್ದವರ ಮಕ್ಕಳಿಗೆ ಹಳೆಯ ಪುಸ್ತಕದಿಂದ ತೊಂದರೆಯಿಲ್ಲ, ಪುಸ್ತಕ ತಪ್ಪೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಪುಸ್ತಕವೊಂದೇ ಆಧಾರವಾದ ಮಗುವಿಗೆ ಮಾತ್ರ ಅದು ಒಂದು ಬೇಸಿಗೆಯನ್ನೇ ಕಸಿದುಕೊಳ್ಳುತ್ತದೆ. ದಾನಕ್ಕೆ ಬಂದ ಆಕಳ ಹಲ್ಲು ಹಿಡಿದು ನೋಡಬಾರದು ಎಂದು ಗಾದೆ ಇದೆ. ತೆಗೆದುಕೊಳ್ಳುವವರು ನೋಡಬಾರದು, ನಿಜ. ಆದರೆ ಕೊಡುವವರಾದರೂ ನೋಡಿ ಕೊಡಬೇಕಲ್ಲವೇ?

ಮೂರೂ ಪೆಟ್ಟಿಗೆಯನ್ನು ಅದೇ ಆಟೋದಲ್ಲಿ ವಾಪಸು ತಂದೆ.

ಒಲೆಯೋ, ಅಡಿಗೆಯೋ?

ಕಂಪ್ಯೂಟರ್ ಪುಸ್ತಕಗಳಲ್ಲಿ ಯಾವುದು ಹಳತು, ಯಾವುದು ಅಲ್ಲ ಎಂದು ನನ್ನಂಥ ಎಸ್ಸೆಸ್ಸೆಲ್ಸಿಯವಳಿಗೆ ಹೇಗೆ ತಿಳಿಯಬೇಕು? ಒಂದು ಭಾನುವಾರ ಮಗನನ್ನು ವಿಡಿಯೋ ಕಾಲ್‌ನಲ್ಲಿ ಕೂಡ್ರಿಸಿ, ಒಂದೊಂದೇ ಪುಸ್ತಕ ಹಿಡಿದು ತೋರಿಸಿದೆ. ಹತ್ತು ಪುಸ್ತಕ ಆಗುವಷ್ಟರಲ್ಲಿ ನನಗೇ ಒಂದು ಲೆಕ್ಕ ಹೊಳೆಯಿತು. ನಮ್ಮ ಮನೆಯಲ್ಲಿ ಮೊದಲು ಪಂಪ್ ಸ್ಟೋವ್ ಇತ್ತು, ಆಮೇಲೆ ಗ್ಯಾಸ್ ಬಂತು. ಸ್ಟೋವ್ ಜೊತೆ ಬಂದ ಕೈಪಿಡಿ ಈಗ ಯಾರಿಗೂ ಬೇಡ. ಆದರೆ ಹೋಳಿಗೆಯ ಕಣಕ ಎಷ್ಟು ಮೆತ್ತಗಿರಬೇಕು, ಎಷ್ಟು ಹೊತ್ತು ನೆನೆಯಬೇಕು ಎಂದು ಅಜ್ಜಿ ಹೇಳಿಕೊಟ್ಟದ್ದು ಇಂದಿಗೂ ನಡೆಯುತ್ತದೆ. ಕಂಪ್ಯೂಟರ್ ಪುಸ್ತಕವೂ ಹಾಗೆಯೇ. ಕೆಲವು ಒಲೆಯ ಬಗ್ಗೆ ಹೇಳುತ್ತವೆ, ಕೆಲವು ಅಡಿಗೆಯ ಬಗ್ಗೆ.

ಒಲೆಯ ಪುಸ್ತಕ: ಹೆಸರಿನಲ್ಲೇ ಸಂಖ್ಯೆಯೋ ಇಸವಿಯೋ ಇದ್ದರೆ ಬಹುಮಟ್ಟಿಗೆ ಇದೇ ಜಾತಿ. ವಿಂಡೋಸ್ 98, ಆಫೀಸ್ 97, ವಿಷುಯಲ್ ಬೇಸಿಕ್ 6, ಹೀಗೆ. ವರ್ಡ್‌ಸ್ಟಾರ್ ಹುಟ್ಟಿದ್ದು 1978ರಲ್ಲಿ, ಲೋಟಸ್ 1-2-3 ಬಂದದ್ದು 1983ರಲ್ಲಿ. ಈಗ ಎರಡರ ಕಾಲವೂ ಮುಗಿದಿದೆ. ವಿಂಡೋಸ್‌ನಲ್ಲಿ ಏನಾದರೂ ದೋಷ ಕಂಡರೆ ತಯಾರಿಸಿದ ಕಂಪನಿ ತಿದ್ದುಪಡಿ ಕಳಿಸುತ್ತಿರುತ್ತದೆ. ವಿಂಡೋಸ್ 98ಕ್ಕೆ ಅದು 2006ರಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ನಿಂತಿತು. ಹಬ್ಬ ಮುಗಿದು ಎರಡು ವಾರವಾಗುವುದರೊಳಗೆ, 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಸರದಿಯೂ ಬಂತು.

ಅಡಿಗೆಯ ಪುಸ್ತಕ: ಗಣಿತ, ತರ್ಕ, ಅಲ್ಗಾರಿದಮ್, ಡೇಟಾ ಸ್ಟ್ರಕ್ಚರ್, ಡಿಜಿಟಲ್ ಎಲೆಕ್ಟ್ರಾನಿಕ್ಸ್, ಇಂಥ ಮೂಲ ಪಾಠದವು. ಸಿ ಭಾಷೆಯನ್ನು ಡೆನ್ನಿಸ್ ರಿಚಿ ಎಂಬುವರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಟ್ಟಿದ್ದು 1972ರ ಸುಮಾರಿಗೆ. ಇಂದಿಗೂ ಕಾಲೇಜುಗಳಲ್ಲಿ ಕಲಿಸುತ್ತಾರೆ. ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ಡೇಟಾಬೇಸ್ ಪದ್ಧತಿಗೆ ಬುನಾದಿ ಹಾಕಿದ ಇ.ಎಫ್. ಕಾಡ್ ಅವರ ಪ್ರಬಂಧ ಬಂದದ್ದು 1970ರಲ್ಲಿ. ಅದೂ ಇನ್ನೂ ನಡೆಯುತ್ತಿದೆ. ಆದ್ದರಿಂದ ಕಾಗದ ಹಳದಿಯಾಗಿದೆ ಎಂದಮಾತ್ರಕ್ಕೆ ಪುಸ್ತಕ ಕೆಲಸಕ್ಕೆ ಬಾರದ್ದು ಎಂದುಕೊಳ್ಳಬೇಡಿ. 1959ರಷ್ಟು ಹಿಂದಿನ ಕೋಬಾಲ್ ಭಾಷೆ ಗೊತ್ತಿದ್ದವರಿಗೆ, ಇಸವಿ 2000 ಬರುವ ಮುಂಚೆ ದಿನಾಂಕಗಳನ್ನು ಸರಿಪಡಿಸುವ ಕೆಲಸಕ್ಕಾಗಿ ಎಲ್ಲಿಲ್ಲದ ಬೇಡಿಕೆ ಬಂದಿತ್ತಂತೆ, ಮಗ ಹೇಳಿದ.

ಅರ್ಧ ಒಲೆ, ಅರ್ಧ ಅಡಿಗೆ: ಯಜಮಾನರ ಟ್ಯಾಲಿ ಗೈಡುಗಳು ಈ ಗುಂಪಿನವು. ಟ್ಯಾಲಿ ನಮ್ಮ ಬೆಂಗಳೂರಿನದೇ ಹುಟ್ಟುವಳಿ. ಗೈಡಿನ ಮೊದಲ ಅಧ್ಯಾಯಗಳಲ್ಲಿ ಜಮಾ ಯಾವುದು, ಖರ್ಚು ಯಾವುದು, ತಾಳೆಪಟ್ಟಿ ಹೇಗೆ ಕೂಡಬೇಕು ಎಂಬುದಿದೆ. ಅದು ಎಂದಿಗೂ ಹಳತಾಗದು. ಆದರೆ ತೆರಿಗೆಯ ಭಾಗ? ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ವ್ಯಾಟ್ ಬಂತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ, ಅಂದರೆ ಆ ನವರಾತ್ರಿಯ ಮೊದಲ ದಿನದಿಂದಲೇ, ಜಿಎಸ್‌ಟಿ ದರಗಳೂ ಬದಲಾದವು. ಹಳೆಯ ದರ ನಂಬಿ ಬಿಲ್ ಬರೆದರೆ ಅಂಗಡಿಯವರ ಗತಿ ಏನಾಗಬೇಕು? ಕನ್ನಡದ ‘ನುಡಿ’ ತಂತ್ರಾಂಶದ ಹಳೆಯ ಪುಸ್ತಕವೂ ಅರ್ಧರ್ಧ. ಕೀಲಿಗಳ ಜೋಡಣೆ ಇಂದಿಗೂ ಅದೇ, ಆದ್ದರಿಂದ ಬೆರಳಿಗೆ ಅಭ್ಯಾಸ ಮಾಡಿಕೊಳ್ಳಬಹುದು. ಅಕ್ಷರಗಳು ಮಾತ್ರ ಈಗ ಯೂನಿಕೋಡ್‌ಗೆ ಬಂದಿವೆ.

ಇಂಟರ್‌ನೆಟ್, ವೈರಸ್, ಪಾಸ್‌ವರ್ಡ್, ಆನ್‌ಲೈನ್ ಬ್ಯಾಂಕಿಂಗ್ ಬಗೆಗಿನ ಹಳೆಯ ಪುಸ್ತಕಗಳನ್ನಂತೂ ಯಾರ ಕೈಗೂ ಕೊಡಬೇಡಿ. ಮೋಸಗಾರರು ದಿನಕ್ಕೊಂದು ಹೊಸ ದಾರಿ ಹುಡುಕುವಾಗ ಹದಿನೈದು ವರ್ಷದ ಹಿಂದಿನ ಎಚ್ಚರಿಕೆ ಸಾಲದು. ಓದಿದವರಿಗೆ ಸುಳ್ಳು ಧೈರ್ಯ ಬರುತ್ತದೆ.

ನೀವು ಮಾಡಬೇಕಾದ್ದು ಇಷ್ಟೆ. ಪುಸ್ತಕದ ಮೊದಲ ಪುಟ ತಿರುವಿದರೆ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಮುದ್ರಣವಾದ ವರ್ಷ ಇರುತ್ತದೆ. ಅದನ್ನು ನೋಡಿ. ನಂತರ ಈ ಮೂರು ಗುಂಪು ಮಾಡಿ. ಅನುಮಾನ ಬಂದರೆ ಓಣಿಯಲ್ಲಿ ಓದುವ ಹುಡುಗ ಹುಡುಗಿಯರನ್ನು ಕೇಳಿ. ನಮ್ಮ 63ರಲ್ಲಿ ಅಡಿಗೆ 15, ಅರ್ಧರ್ಧ 9, ಬರೀ ಒಲೆ 39!

ಕೊಡುವಾಗ

ಮೊದಲು ಕೇಳಿ, ಆಮೇಲೆ ಒಯ್ಯಿರಿ. ಪುಸ್ತಕಗಳ ಬೆನ್ನು ಕಾಣುವಂತೆ ಜೋಡಿಸಿ ಫೋನಿನಲ್ಲಿ ಒಂದು ಫೋಟೋ ತೆಗೆದು, ಮುದ್ರಣದ ವರ್ಷಗಳನ್ನೂ ಬರೆದು ಕಳಿಸಿದರೆ ಶಾಲೆಯವರು, ಗ್ರಂಥಾಲಯದವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಬೇಡವೆಂದರೆ ಬೇಸರ ಬೇಡ. ಹಳ್ಳಿಯ ಕಡೆಯವರಾದರೆ ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ದಲ್ಲಿ ವಿಚಾರಿಸಬಹುದು.

ಅರ್ಧರ್ಧ ಪುಸ್ತಕ ಕೊಡುವಾಗ ಒಳರಟ್ಟಿಗೆ ಒಂದು ಚೀಟಿ ಅಂಟಿಸಿ. ನಾನು ಒಂದು ಟ್ಯಾಲಿ ಗೈಡಿಗೆ ಹೀಗೆ ಬರೆದೆ: ‘1ರಿಂದ 6ನೇ ಅಧ್ಯಾಯ ಓದಿರಿ. ತೆರಿಗೆಯ ಅಧ್ಯಾಯ ಹಳೆಯದು, ಬಿಡಿರಿ.’ ಮಗ ಹೇಳಿದಂತೆ ಸಿ ಭಾಷೆಯ ಪುಸ್ತಕಗಳಿಗೂ, ‘ಪಾಠ ಸರಿ ಇದೆ, ಇದರಲ್ಲಿಯ ನೀಲಿ ಪರದೆ ಈಗ ಬರುವುದಿಲ್ಲ, ಹೆದರಬೇಡಿ’ ಎಂದು ಚೀಟಿ ಹಚ್ಚಿದೆ. ಚೀಟಿಗೆ ಎರಡು ನಿಮಿಷ ಸಾಕು, ಒಂದು ಮಗುವಿನ ಒಂದು ಬೇಸಿಗೆ ಉಳಿಯುತ್ತದೆ.

ಇನ್ನೂ ಒಳ್ಳೆಯದೆಂದರೆ ಓದುವವರ ಕೈಗೇ ಕೊಡುವುದು. ನಮ್ಮ ಓಣಿಯ ಡಿಪ್ಲೊಮಾ ಹುಡುಗ 12 ಪುಸ್ತಕ ಆರಿಸಿಕೊಂಡ. ಹೊಸ ಆವೃತ್ತಿಯವಿದ್ದರೆ ಹಳೆಯ ಪುಸ್ತಕದ ಅಂಗಡಿಯವರೂ ಕೊಳ್ಳುತ್ತಾರೆ.

ಹಾಗಾದರೆ ಹಳೆಯದಕ್ಕೆ ಎಲ್ಲಿಯೂ ಬೆಲೆಯೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಎಂ. ಅಂಕೇಗೌಡರು ತಮ್ಮ ದುಡಿಮೆಯಿಂದ ಲಕ್ಷಾಂತರ ಪುಸ್ತಕ ಕೂಡಿಸಿ ‘ಪುಸ್ತಕ ಮನೆ’ ಕಟ್ಟಿದ್ದಾರೆ. ಅಂಥ ಸಂಗ್ರಹಕ್ಕೆ ಹೋಗುವವರು ಹಳೆಯದು ಹೇಗಿತ್ತು ಎಂದು ತಿಳಿಯಲಿಕ್ಕೇ ಹೋಗುತ್ತಾರೆ. ಶಾಲೆಗೆ ಬರುವ ಮಗು ಇಂದಿನದನ್ನು ಕಲಿಯಲು ಬರುತ್ತದೆ. ವ್ಯತ್ಯಾಸ ಇರುವುದು ಇಲ್ಲಿಯೇ.

ರದ್ದಿಗೆ ಹಾಕುವುದು ಪಾಪವಲ್ಲ

ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮಂದಿ ನಾವು. ರದ್ದಿ ಎಂದರೆ ಮನಸ್ಸು ಹಿಂಜರಿಯುವುದು ಸಹಜ. ಆದರೆ ಯೋಚಿಸಿ ನೋಡಿ. ರದ್ದಿ ಕಾಗದವನ್ನು ನೀರಿನಲ್ಲಿ ಕಲಸಿ, ತಿರುಳು ಮಾಡಿ, ಮತ್ತೆ ರಟ್ಟು, ಕಾಗದ ಮಾಡುತ್ತಾರೆ. ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುವುದಕ್ಕಿಂತ ಇದು ಲೇಸಲ್ಲವೇ? ಹಾಕುವ ಮುಂಚೆ ಇಷ್ಟು ಗಮನಿಸಿ:

• ಪ್ರತಿ ಪುಸ್ತಕವನ್ನೂ ಬೆನ್ನು ಹಿಡಿದು ಕೆಳಮುಖವಾಗಿ ಜಾಡಿಸಿ. ಮಾರ್ಕ್ಸ್‌ಕಾರ್ಡ್ ಪ್ರತಿ, ಬ್ಯಾಂಕಿನ ಚೀಟಿ, ಫೋಟೋ, ಕೆಲವೊಮ್ಮೆ ನೋಟೂ ಉದುರುತ್ತದೆ! ಹೆಸರು, ಫೋನ್ ನಂಬರ್ ಬರೆದ ಪುಟ ಹರಿದು ತೆಗೆಯಿರಿ.

• ಹೊಳೆಯುವ ಪ್ಲಾಸ್ಟಿಕ್ ಹೊದಿಕೆಯ ರಟ್ಟು, ಸ್ಪೈರಲ್ ತಂತಿ ಬೇರೆ ಮಾಡಿ. ಪ್ಲಾಸ್ಟಿಕ್ ನೀರಿನಲ್ಲಿ ಕರಗುವುದಿಲ್ಲ.

• ಹಿಂದಿನ ರಟ್ಟಿಗೆ ಅಂಟಿಸಿದ ಸಿ.ಡಿ. ತೆಗೆಯಿರಿ. ಅದೂ ಪ್ಲಾಸ್ಟಿಕ್ಕೇ, ಕಾಗದದ ಜೊತೆ ಹೋಗಬಾರದು. ನಾನು ನಾಲ್ಕು ಸಿ.ಡಿ.ಗಳನ್ನು ದಾರ ಕಟ್ಟಿ ಪೇರಲ ಗಿಡಕ್ಕೆ ತೂಗುಬಿಟ್ಟೆ. ಒಂದು ವಾರ ಗಿಳಿಗಳು ಹೆದರಿದವು, ಆಮೇಲೆ ಅವಕ್ಕೂ ರೂಢಿಯಾಯಿತು.

• ಪ್ಲಾಸ್ಟಿಕ್ ರಟ್ಟನ್ನೂ ಸಿ.ಡಿ.ಯನ್ನೂ ಸ್ನಾನದ ನೀರಿನ ಒಲೆಗೆ ತುರುಕಬೇಡಿ. ಆ ಹೊಗೆ ಮಕ್ಕಳ ಉಸಿರಿಗೆ ಕೆಟ್ಟದ್ದು.

• ಗಿರ್ಮಿಟ್, ಮಿರ್ಚಿಭಜಿ ಕಟ್ಟಲು ಈ ಹಾಳೆ ಕೊಡಬೇಡಿ. ಅಚ್ಚಿನ ಮಸಿ ಎಣ್ಣೆಯೊಡನೆ ತಿಂಡಿಗೆ ಇಳಿಯುತ್ತದೆ. ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿತ್ತು, 2018ರ ನಿಯಮದಲ್ಲಿ ನಿಷೇಧವನ್ನೂ ಮಾಡಿದೆ. ಪುಸ್ತಕದ ಹಾಳೆಗೂ ಅದೇ ಮಾತು ಎಂದು ತಿಳಿಯಿರಿ.

ನಮ್ಮ 39ರಲ್ಲಿ 37 ಪುಸ್ತಕ ರದ್ದಿಗೆ ಹೋದವು. 34 ಕಿಲೋ ತೂಗಿ, ಕಿಲೋಕ್ಕೆ 10 ರೂಪಾಯಿಯಂತೆ 340 ಬಂತು. ಅದರಲ್ಲಿನ ಒಂದೇ ಪುಸ್ತಕದ ಬೆಲೆ 450 ಎಂದು ಅಚ್ಚಾಗಿತ್ತು!

ಪಾಕಪುಸ್ತಕವಾದ ವಿಂಡೋಸ್ 98

ಉಳಿದ ಎರಡರಲ್ಲಿ ಒಂದು ವಿಂಡೋಸ್ 98. ಗಟ್ಟಿ ರಟ್ಟು, ಒಳ್ಳೆಯ ಹೊಲಿಗೆ. ನಿಯತಕಾಲಿಕಗಳಿಂದ ಕತ್ತರಿಸಿಟ್ಟ ಅಡಿಗೆ ಚೀಟಿಗಳು ನಿಮ್ಮಲ್ಲೂ ಡಬ್ಬಿಯೊಳಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವಲ್ಲ, ಅವುಗಳಿಗೆ ಇದನ್ನೇ ಆಲ್ಬಂ ಮಾಡಿದೆ. ವಿಧಾನ ಸುಲಭ. ಪ್ರತಿ ಎರಡು ಹಾಳೆ ಬಿಟ್ಟು ಮುಂದಿನ ಎರಡು ಹಾಳೆಗಳನ್ನು ಬುಡದಲ್ಲಿ ಅರ್ಧ ಅಂಗುಲ ಉಳಿಸಿ ಕತ್ತರಿಸಿ. ಹಾಗೆ ಮಾಡದಿದ್ದರೆ ಚೀಟಿ ಅಂಟಿಸಿದ ಮೇಲೆ ಪುಸ್ತಕ ಉಬ್ಬಿ ಬೆನ್ನು ಬಿಡುತ್ತದೆ. ಉಳಿದ ಹಾಳೆಯ ಮೇಲೆ ಬಿಳಿ ಹಾಳೆ ಹಚ್ಚಿ, ಅದರ ಮೇಲೆ ಚೀಟಿ ಅಂಟಿಸಿ. ಮೈದಾ ಅಂಟಿಗೆ ಜಿರಳೆ ಬರುತ್ತವೆ, ಪೇಟೆಯ ಗೋಂದೇ ಇರಲಿ. ಎರಡು ಎಸಳು ಬೇವಿನ ಸೊಪ್ಪು ಒಣಗಿಸಿ ಒಳಗಿಟ್ಟರೆ ಹುಳದ ಭಯ ಕಡಿಮೆ.

ಇನ್ನೊಂದು ನನ್ನ ವರ್ಡ್‌ಸ್ಟಾರ್. ಅದನ್ನು ಜಾಡಿಸಿದಾಗ ಒಂದು ಮಡಿಸಿದ ಕಾಗದ ಉದುರಿತು. 1998ರ ಫೀ ರಸೀದಿ. ಅದರ ಹಿಂದೆ ಪೆನ್ಸಿಲ್‌ನಲ್ಲಿ ಅವ್ವ ಬಸ್‌ಚಾರ್ಜಿನ ಲೆಕ್ಕ ಬರೆದಿದ್ದಳು. ಪುಸ್ತಕವನ್ನು ಅದರ ಸಲುವಾಗಿ ಇಟ್ಟುಕೊಂಡೆ. ನೆನಪಿಗೆಂದು ಒಂದನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ನೆನಪನ್ನು ದಾನವೆಂದು ಬೇರೆಯವರ ಮಕ್ಕಳಿಗೆ ಕೊಡಬಾರದು, ಅಷ್ಟೆ.

ಒಂದು ಟ್ಯಾಲಿ ಗೈಡನ್ನು ಯಜಮಾನರು ಬಿಡಲಿಲ್ಲ. ಹುಡುಗನಿಗೆ ಕೊಟ್ಟದ್ದು ಹೋಗಿ 11 ಪುಸ್ತಕ ಉಳಿದವು. ಫೋಟೋ ಕಳಿಸಿ, ಅಕ್ಕೋರು ಬೇಕೆಂದ ಮೇಲೆ, ಚೀಟಿ ಹಚ್ಚಿ ಮತ್ತೆ ಆ ಶಾಲೆಗೆ ಒಯ್ದೆ. ಈ ಸಲ ಎಲ್ಲವೂ ಒಂದು ಕೈಚೀಲದಲ್ಲೇ ಹಿಡಿದವು. ಅಕ್ಕೋರು ಆ ಹುಡುಗಿಯನ್ನೇ ಕರೆಸಿ ಪುಸ್ತಕ ಜೋಡಿಸಲು ಹೇಳಿದರು. ಅವಳು ಒಂದೊಂದು ಚೀಟಿಯನ್ನೂ ನಿಂತು ಓದಿದಳು. ಆಮೇಲೆ ನನ್ನತ್ತ ತಿರುಗಿ, “ನೀವೂ ಕಂಪ್ಯೂಟರ್ ಕಲತೀರೇನ್ರಿ?” ಎಂದು ಕೇಳಿದಳು.

“ಕಲತಿದ್ದೆ ತಂಗಿ, ನಿನ್ನ ಹಂಗ ಹಳೇ ಪುಸ್ತಕದಾಗ,” ಅಂದೆ. ಅವಳಿಗೆ ನಗು ಬಂತು. ನನಗೂ.

ನಿಮ್ಮ ಅಟ್ಟದ ಮೇಲೂ ಇಂಥದೊಂದು ಪೆಟ್ಟಿಗೆ ಇದ್ದೀತು. ಈ ಸಲದ ಹಬ್ಬದ ಸ್ವಚ್ಛತೆಯಲ್ಲಿ ಕೆಳಗಿಳಿಸಿ. ಕೊಡುವ ಮುಂಚೆ ಹಲ್ಲು ನೋಡಿ.